ರೋಗಾಣು ಲೋಳೆ ಕಟ್ಟುವುದು ಯಾವಾಗ?

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಮಹಾಲಿಂಗಪುರದ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ ಎಂಬುದು ರೈತರೆಲ್ಲರಿಗೂ ಗೊತ್ತು. ಅಷ್ಟರಲ್ಲೇ ಕಬ್ಬಿನೊಳಗೆ ಇನ್ನೊಂದು ಕೆಲಸವೂ ನಡೆದಿರುತ್ತದೆ. ಕಡಿದ ತುದಿಯಿಂದ ಒಳಹೊಕ್ಕ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಲೋಳೆಯಾಗಿಸುತ್ತದೆ. ರಸ ಮಂದವಾಗುತ್ತದೆ, ಸೋಸುವುದು ತಡವಾಗುತ್ತದೆ, ಸಕ್ಕರೆ ಹರಳು ಉದ್ದುದ್ದ ಬೆಳೆದು ಆಕಾರ ಕೆಡುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹರಿಯುವ ತೊಟ್ಟಿಗಳನ್ನು ಬಿಸಿನೀರು, ಹಬೆಯಿಂದ ಮತ್ತೆ ಮತ್ತೆ ತೊಳೆಯುವುದು ಈ ಲೋಳೆ ಕಟ್ಟದಿರಲೆಂದೇ.

ಆರೋಗ್ಯವಂತರಿಗೆ ಲ್ಯೂಕೊನಾಸ್ಟಾಕ್‌ನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅದೇ ಕಸುಬನ್ನು ನಮ್ಮ ಬಾಯಲ್ಲಿ ನಡೆಸುವ ಇನ್ನೊಂದಿದೆ: ಹಲ್ಲಿನ ಹುಳುಕಿನಿಂದ ಕ್ಲಾರ್ಕ್ ಎಂಬ ವಿಜ್ಞಾನಿ 1924ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಕಬ್ಬಿನ ಸಕ್ಕರೆಯೆಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಜೋಡಿ. ಆ ಜೋಡಿ ಮುರಿದಾಗ ಸಿಗುವ ಶಕ್ತಿಯಿಂದಲೇ ಈ ಬ್ಯಾಕ್ಟೀರಿಯಾದ ಕಿಣ್ವಗಳು ಗ್ಲೂಕೋಸನ್ನು ಸರಪಳಿಯಾಗಿ ಹೆಣೆದು, ನೀರಿನಲ್ಲಿ ಕರಗದ ಅಂಟನ್ನು ಹಲ್ಲಿನ ಮೇಲೆ ಕಟ್ಟುತ್ತವೆ. ಬರೀ ಗ್ಲೂಕೋಸ್ ಕೊಟ್ಟರೆ ಆಮ್ಲ ಹುಟ್ಟುತ್ತದೆಯೇ ಹೊರತು ಈ ಅಂಟು ಹುಟ್ಟುವುದಿಲ್ಲ. ಜೀವಿ ಅದೇ, ಆಹಾರ ಬದಲಾದರೆ ನಡತೆಯೇ ಬೇರೆ. ರೋಗಾಣು ಯಾವುದೆಂದು ಕೇಳಿದರೆ ಸಾಲದು, ಅದು ಎಂಥ ಸ್ಥಿತಿಯಲ್ಲಿ ಬೆಳೆದಿದೆ ಎಂದೂ ಕೇಳಬೇಕು ಎಂದು ನಾನು ವಾದಿಸುವುದು ಇದಕ್ಕೇ. ಎಷ್ಟು ಸಲ ಉಣಿಸುತ್ತೇವೆ ಎಂಬುದೂ ಸ್ಥಿತಿಯೇ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ, ಬುದ್ಧಿಮಾಂದ್ಯರ ಮೇಲೆ ಅವರ ಒಪ್ಪಿಗೆಯಿಲ್ಲದೆ ನಡೆದ ಪ್ರಯೋಗ ಅಕ್ಷಮ್ಯ. ಆದರೂ ಅದು ತೋರಿಸಿದ ಸಂಗತಿ ಸುಳ್ಳಲ್ಲ: ಊಟದ ಜೊತೆ ತಿಂದ ಸಿಹಿಗಿಂತ, ನಡುನಡುವೆ ಚೀಪಿದ ಅಂಟು ಮಿಠಾಯಿ ಹಲ್ಲನ್ನು ಬಹಳ ಹೆಚ್ಚು ಕೆಡಿಸಿತು.

ಹಾಗಾದರೆ ಸಕ್ಕರೆ ಬಿಟ್ಟರೆ ಲೋಳೆಯ ಕಾಟ ತಪ್ಪಿತೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ದಾರಿ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಆಹಾರ ಕಡಿಮೆಯಾಗಿ, ಉಷ್ಣತೆ 30 ಡಿಗ್ರಿಗಿಂತ ಕೆಳಗಿಳಿದಾಗ ಅದರ ಹಲವು ತಳಿಗಳು ನಾರು ಮತ್ತು ಸೆಲ್ಯುಲೋಸ್ ಹೆಣೆದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತವೆ. 37 ಡಿಗ್ರಿಯಲ್ಲಿ, ಪುಷ್ಕಳ ಆಹಾರದಲ್ಲಿ ಬೆಳೆಸಿ ನೋಡಿದ ಪ್ರಯೋಗಾಲಯಕ್ಕೆ ಆ ಪೊರೆ ಕಾಣದೇ ಹೋಗಬಹುದು. ಎಲ್ಲದಕ್ಕೂ ಆಂಟಿಬಯೋಟಿಕ್ ಇದೆಯಲ್ಲ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಪೊರೆಯ ಆಳದಲ್ಲಿ ಆಹಾರ, ಆಮ್ಲಜನಕ ಎರಡೂ ಸಾಲದೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನವಾಗಿರುತ್ತದೆ. ಬೆಳೆಯುವ ಕೋಶಗಳನ್ನು ಹೊಡೆಯುವ ಔಷಧಿ ಅವನ್ನು ಸುಲಭಕ್ಕೆ ಕೊಲ್ಲಲಾರದು. ಕೆಲವು ಔಷಧಿಗಳನ್ನು ನೂರಾರು ಪಟ್ಟು ಹೆಚ್ಚಿಸಿದರೂ ಪೊರೆಯೊಳಗಿನವು ಬದುಕಿ ಉಳಿಯುತ್ತವೆ. ಲೋಳೆ ಕಟ್ಟಿದ ಮೇಲೆ ಹೋರಾಡುವುದಕ್ಕಿಂತ ಕಟ್ಟುವ ಸ್ಥಿತಿಯನ್ನೇ ತಪ್ಪಿಸುವುದು ಲೇಸು.

ಬೆಲ್ಲವಾದರೆ ಹಲ್ಲಿಗೆ ತೊಂದರೆಯಿಲ್ಲವೆಂಬ ನಂಬಿಕೆಯನ್ನೂ ಬಿಡಬೇಕು, ಅದರಲ್ಲಿರುವುದೂ ಬಹುಪಾಲು ಅದೇ ಸಕ್ಕರೆ. ಮಕ್ಕಳಿಗೆ ಸಿಹಿಯನ್ನು ಊಟದ ಜೊತೆಗೇ ಕೊಡಿ, ರಾತ್ರಿ ಹಲ್ಲುಜ್ಜದೆ ಮಲಗಿಸಬೇಡಿ. ಒಳಗೆ ಇಂಥದೇ ಲೋಳೆ ಕಟ್ಟುವ ಕುಡಿಯುವ ನೀರಿನ ಕೊಡ, ಡ್ರಮ್ಮುಗಳನ್ನು ಬರೀ ಕುಲುಕಿ ಚೆಲ್ಲದೆ, ಒಳಮೈ ಜಾರದಂತಾಗುವವರೆಗೆ ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ.