ಅಪ್ಪನಿಗೆ ಶಬ್ದ ತಿಳಿಯುವ ಸ್ಪೀಕರ್

ಡಿಗ್ರಿ ಮುಗಿದು ಎರಡು ವರ್ಷವಾಯಿತು. ಬೀದರಿನ ಚಿದ್ರಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಬೆಳಿಗ್ಗೆ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದು, ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್. ಹಾಗೆ ಕೂಡಿಟ್ಟ ರೊಕ್ಕ ಒಂಬತ್ತು ಸಾವಿರ ದಾಟಿದ ದಿನ ಮನೆಗೊಂದು ಸ್ಪೀಕರ್ ತರಬೇಕೆಂದು ನಿರ್ಧರಿಸಿದೆ.

ನೆಪ ಅಪ್ಪನದು. ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿದ್ದಾಗ ಅಪ್ಪ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವರು. ಈಗ ಅರವತ್ತೈದು ದಾಟಿದೆ. ಹಳೆಯ ರೇಡಿಯೊ ಕೆಟ್ಟ ಮೇಲೆ ನಾನು ಮೊಬೈಲಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಹಾಕಿಕೊಡುತ್ತಿದ್ದೆ. ‘ದನಿ ಬರ್ತದ, ಶಬ್ದ ತಿಳಿವಲ್ವು’ ಎಂದು ಫೋನು ಬದಿಗಿಡುತ್ತಿದ್ದರು. ಬರಬರುತ್ತಾ ಹಾಡು ಕೇಳುವುದನ್ನೇ ಬಿಟ್ಟರು. ನೆಪ ಅಪ್ಪನದಾದರೂ ನಿಜ ಹೇಳಬೇಕೆಂದರೆ ಆಸೆ ನನ್ನದು. ನನಗೆ ಬೇಕಿದ್ದದ್ದು ಎದೆ ನಡುಗಿಸುವ ಬೇಸ್.

ಅಂಗಡಿಯಲ್ಲಿ ನೀಲಿ ದೀಪ ಮಿನುಗುವ 2.1 ಸೆಟ್ ಕಣ್ಣಿಗೆ ಬಿತ್ತು. ಎರಡು ಪುಟ್ಟ ಸ್ಪೀಕರ್, ಜೊತೆಗೊಂದು ದಪ್ಪ ಸಬ್‌ವೂಫರ್. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಸಾವಿರಾರು ವಾಟ್ಸ್, ಪಕ್ಕದಲ್ಲಿ ಸಣ್ಣದಾಗಿ ‘ಪಿಎಂಪಿಒ’. ಡಿಜೆ ಹಾಡು ಹಚ್ಚಿದರು, ನೆಲ ನಡುಗಿತು. ಹೆಚ್ಚು ಯೋಚಿಸದೆ ಐದೂವರೆ ಸಾವಿರ ಎಣಿಸಿ ಕೊಟ್ಟುಬಂದೆ.

ಮನೆಯಲ್ಲಿ ಮೂಲೆಗಿಟ್ಟು ಹಚ್ಚಿದರೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳೆಲ್ಲ ಗಡಗಡ ಅಂದವು. ಪಕ್ಕದ ಮನೆಯ ಕೂಸು ಎದ್ದು ಅಳತೊಡಗಿತು. ಮನ್ಸೂರರ ವಚನ ಹಾಕಿದೆ. ಅಪ್ಪ ಎರಡು ನಿಮಿಷ ಕೇಳಿ, ‘ತಬಲಾದಾಗ ಹಾಡೇ ಮುಳಿಗ್ಯಾದಲ್ಲೋ ತಮ್ಮಾ’ ಎಂದು ಎದ್ದು ಹೊರಗೆ ಕಟ್ಟೆಗೆ ಹೋಗಿ ಕೂತರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಮರುದಿನ ಅಂಗಡಿಯವರು ಒಂಬೈನೂರು ಮುರಿದುಕೊಂಡು ಸೆಟ್ ವಾಪಸ್ ಪಡೆದರು. ಆ ಒಂಬೈನೂರನ್ನು ನಾನು ಪಾಠದ ಫೀಸೆಂದು ಬರೆದುಕೊಂಡೆ.

ಆ ಫೀಸಿಗೆ ಕಲಿತದ್ದನ್ನು ಹೇಳುತ್ತೇನೆ. ಪಿಎಂಪಿಒ ಎಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವಿಲ್ಲ, ಹಾಗಾಗಿ ಡಬ್ಬಿಯ ಮೇಲೆ ಎಷ್ಟು ಬೇಕಾದರೂ ಬರೆಯಬಹುದು. ನೋಡಬೇಕಾದದ್ದು ‘ಆರ್‌ಎಂಎಸ್’ ವಾಟ್ಸ್, ಅಂದರೆ ಸ್ಪೀಕರ್ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದರಲ್ಲೂ ಆಸೆಬುರುಕತನ ಬೇಡ. ವಾಟ್ಸ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೆಸರುವಾಸಿಯಾದ ಎಡಿಫೈಯರ್ ಆರ್1280ಟಿ ಜೋಡಿಯ ಶಕ್ತಿ ಒಟ್ಟು 42 ವಾಟ್ಸ್, ಅದರ ವೂಫರ್ 4 ಇಂಚು. ಸಣ್ಣ ಕೋಣೆಗೆ ಅಷ್ಟು ಧಾರಾಳ.

ಇನ್ನು ಕೋಣೆ. ನಮ್ಮದು ಹತ್ತಕ್ಕೆ ಹತ್ತು ಅಡಿ. ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ಸಿಕ್ಕಿಕೊಂಡು ಗುಂಯ್‌ಗುಡುತ್ತದೆ. ಉದ್ದ, ಅಗಲ ಎರಡೂ ಒಂದೇ ಆದರೆ ತೊಂದರೆ ಇಮ್ಮಡಿ. ಸಬ್‌ವೂಫರ್ ಕೆಲಸ ಮಾಡುವುದೂ ಅದೇ ಸ್ವರಗಳ ಮೇಲೆ. ಮೂಲೆಗಿಟ್ಟರೆ ಬೇಸ್ ಇನ್ನಷ್ಟು ಉಬ್ಬುತ್ತದೆ. ಆದರೆ ಮಾತನ್ನು ಮಾತಾಗಿಸುವ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಮೇಲಿನ ಸ್ವರಗಳಲ್ಲಿ, ಎರಡು ಸಾವಿರ ಹರ್ಟ್ಸ್‌ನಿಂದ ಆಚೆಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅವನ್ನೇ. ಅಪ್ಪನಿಗೆ ಬೇಕಿದ್ದದ್ದು ಜೋರಲ್ಲ, ಸ್ಪಷ್ಟತೆ ಎಂಬುದು ಆಗ ಹೊಳೆಯಿತು.

1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳಿಗೂ ಇಂಥದೇ ಸಮಸ್ಯೆ ಇತ್ತು. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ದನಿ ಶುದ್ಧವಾಗಿದೆಯೇ ಎಂದು ನೋಡಬೇಕಿತ್ತು. ಅದಕ್ಕಾಗಿ ಅವರು ರೂಪಿಸಿದ್ದು ಎಲ್‌ಎಸ್3/5ಎ ಎಂಬ ಒಂದಡಿ ಎತ್ತರದ ಪುಟ್ಟ ಪೆಟ್ಟಿಗೆ. ಬೇಸ್ ಕಡಿಮೆ, ಆದರೆ ಮನುಷ್ಯನ ಧ್ವನಿಗೆ ಅದು ಇಂದಿಗೂ ಹೆಸರುವಾಸಿ. ಅದಕ್ಕೆ ಆಂಪ್ಲಿಫೈಯರ್ ಬೇರೆ ಬೇಕು. ನಮ್ಮಂಥವರ ಬಜೆಟ್‌ಗೆ ಸರಿಹೊಂದುವುದು ‘ಪವರ್ಡ್ ಬುಕ್‌ಶೆಲ್ಫ್’ ಸ್ಪೀಕರ್. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುತ್ತದೆ. ಮೊಬೈಲ್, ಲ್ಯಾಪ್‌ಟಾಪ್, ಟಿವಿ ಯಾವುದನ್ನಾದರೂ ನೇರವಾಗಿ ಜೋಡಿಸಬಹುದು.

ಎರಡನೇ ಸಲ ಆತುರ ಪಡಲಿಲ್ಲ. ಬೀದರಿನವರಿಗೆ ದೊಡ್ಡ ಖರೀದಿ ಎಂದರೆ ಹೈದರಾಬಾದ್. ಬೆಳಿಗ್ಗೆ ಬಸ್ಸಿಗೆ ಅಪ್ಪನನ್ನೂ ಕರೆದುಕೊಂಡು ಹೊರಟೆ. ಅಪ್ಪನಿಗೆ ಪರಿಚಯವಿರುವ ಅದೇ ವಚನವನ್ನು ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿಕೊಂಡಿದ್ದೆ. ಅಂಗಡಿಯಲ್ಲಿ ಎರಡು ಜೋಡಿಗಳನ್ನು ಒಂದೇ ಎತ್ತರದ ಸದ್ದಿನಲ್ಲಿ ಕೇಳಿಸಲು ಹೇಳಿದೆ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ, ಅದಕ್ಕೆ ಈ ಎಚ್ಚರ. ಅಪ್ಪ ಕಣ್ಣು ಮುಚ್ಚಿ ಕೂತರು. ಮೊದಲನೆಯದು ಅವರ ಮುಖ ಸಡಿಲಿಸಲಿಲ್ಲ. ಎರಡನೆಯದು ನೋಡಲು ಸಾದಾ, 4 ಇಂಚಿನ ವೂಫರ್. ಅದು ಶುರುವಾದ ಸ್ವಲ್ಪ ಹೊತ್ತಿಗೆ ಅಪ್ಪನ ತುಟಿ ಹಾಡಿನ ಜೊತೆ ಅಲುಗತೊಡಗಿದವು. ನಾನು ಬೆಲೆ ಕೇಳಿದೆ. ಉಳಿದ ರೊಕ್ಕದಲ್ಲಿ ಸರಿಹೋಯಿತು, ಬಸ್ಸಿಗೆ ಇನ್ನೂರು ಮಿಕ್ಕಿತು.

ಮನೆಗೆ ಬಂದು ಸ್ಪೀಕರ್‌ಗಳನ್ನು ಮೂಲೆಯಿಂದ ದೂರ, ಗೋಡೆಯಿಂದ ಒಂದಡಿ ಮುಂದಕ್ಕೆ ಇಟ್ಟೆ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು. ಎರಡು ಸ್ಪೀಕರ್‌ಗಳ ನಡುವಿನ ಅಂತರ, ಅವುಗಳಿಂದ ಕೇಳುವವರಿಗಿರುವ ಅಂತರ ಹೆಚ್ಚೂಕಡಿಮೆ ಒಂದೇ ಇರಬೇಕು. ಬರಿಗೋಡೆಯ ಪ್ರತಿಧ್ವನಿಗೆ ಅವ್ವನ ಹಳೆಯ ಕೌದಿಯನ್ನು ಎದುರು ಗೋಡೆಗೆ ತೂಗುಹಾಕಿದೆ. ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ಬಹಳ. ಕೊಳ್ಳುವಾಗ ವಾರಂಟಿ, ಹತ್ತಿರದ ಸರ್ವಿಸ್ ಸೆಂಟರ್, ಬೇಕಾದ ಕನೆಕ್ಷನ್ ಇದೆಯೇ ಎಂದು ಕೇಳಿ. ಬ್ಲೂಟೂತ್ ಇಲ್ಲದ ಜೋಡಿ ಅಗ್ಗವಾಗಿ ಸಿಕ್ಕರೆ ಹಿಂಜರಿಯಬೇಡಿ, ಸಾದಾ ಆಕ್ಸ್ ವೈರ್ ಸಾಕು.

ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದುಹೋದಾಗ ನಮ್ಮ ಸ್ಪೀಕರ್ ಈಗಲೂ ಸೋಲುತ್ತದೆ. ಅಪ್ಪ ಹಾಡು ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡಿಸುತ್ತಾರೆ. ‘ಇದರಾಗ ಅವರು ಉಸಿರು ತಗೊಳ್ಳೋದೂ ಕೇಳ್ತದ ನೋಡು’ ಎನ್ನುತ್ತಾರೆ.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಒಂಬತ್ತು ಸಾವಿರವೂ ಮುಗಿಯಿತು. ಆದರೆ ಟ್ಯೂಷನ್ ಮಕ್ಕಳು ಎದ್ದು ಹೋಗುತ್ತಿದ್ದಂತೆ ಅಪ್ಪ ಕಟ್ಟೆಯಿಂದ ಒಳಗೆ ಬಂದು ಕೌದಿಯ ಎದುರು ಕೂರುತ್ತಾರೆ, ‘ಹಚ್ಚು ತಮ್ಮಾ’ ಅಂತಾರೆ.