ಶಂಕರಪುರದ ಮಲ್ಲಿಗೆ ಮತ್ತು ಅದನ್ನು ಬೆಳೆಸಿದ ಮನೆಯೊಡತಿ

ಮಾಟುಂಗಾದ ಹೂವಿನಂಗಡಿಯಲ್ಲಿ ‘ಊರಿನ ಮಲ್ಲಿಗೆ ಬಂದಿದೆಯೇ?’ ಎಂದು ವಿಚಾರಿಸದ ಕರಾವಳಿಯ ಗೃಹಿಣಿಯರು ಮುಂಬಯಿಯಲ್ಲಿ ವಿರಳ. ಮದುವೆಯಿರಲಿ, ಪೂಜೆಯಿರಲಿ, ನಾಗರ ಪಂಚಮಿಯಿರಲಿ, ನಮಗೆ ಆ ಹೂವೇ ಆಗಬೇಕು. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಶಂಕರಪುರ ಮತ್ತು ಅದರ ಸುತ್ತಲಿನ ಗ್ರಾಮಗಳು ಈ ಮಲ್ಲಿಗೆಯ ತವರು. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಎಲ್ಲ ಸಮುದಾಯದವರೂ ಇದನ್ನು ಬೆಳೆಯುತ್ತಾರಾದರೂ ಈ ಕೃಷಿಯನ್ನು ಮನೆಯಂಗಳದ ಕಸುಬಾಗಿ ಉಳಿಸಿಕೊಂಡು ಬಂದವರಲ್ಲಿ ಕೊಂಕಣಿ ಮಾತನಾಡುವ ಕೆಥೊಲಿಕ್ ಕುಟುಂಬಗಳ ಪಾಲು ದೊಡ್ಡದು. ಆ ಕುಟುಂಬಗಳಲ್ಲಿ ದುಡಿಮೆಯ ಹೆಚ್ಚಿನ ಭಾರವನ್ನು ಹೊತ್ತವಳು ಮನೆಯೊಡತಿ.

ಆಕೆಯ ದಿನ ಆರಂಭವಾಗುವುದು ನಸುಕಿನಲ್ಲಿ. ಮೊಗ್ಗು ಅರಳುವ ಮೊದಲೇ ಕೊಯ್ಯಬೇಕು. ಕೊಯ್ದ ಮೊಗ್ಗನ್ನು ಬಾಳೆನಾರಿನಿಂದ ಕಟ್ಟಬೇಕು. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆ ಹೂವು ಸಿದ್ಧವಾಗಲು 3200 ಬಾರಿ ಬೆರಳುಗಳು ಬಾಗಬೇಕು. ಇದರ ನಡುವೆಯೇ ಒಲೆ, ಹಟ್ಟಿ, ಶಾಲೆಗೆ ಹೊರಡುವ ಮಕ್ಕಳು. ದರ ಪ್ರತಿದಿನವೂ ಬದಲಾಗುತ್ತದೆ. ಬೇಸಿಗೆಯಲ್ಲಿ ಹೂವು ಹೇರಳ, ಬೆಲೆ ಕಡಿಮೆ. ಮಳೆಗಾಲದಲ್ಲಿ ಬೆಲೆಯಿದ್ದರೂ ಹೂವಿಲ್ಲ. ಗಿಡಕ್ಕೆ ನೀರು, ಸೆಗಣಿ, ಬೂದಿ, ನೆಲಗಡಲೆ ಹಿಂಡಿ ಒದಗಿಸುವ ಹೊಣೆ ಮಾತ್ರ ವರ್ಷವಿಡೀ ತಪ್ಪುವುದಿಲ್ಲ.

ಸಂಜೆ ಇಗರ್ಜಿಯ ಗಂಟೆ ಮೊಳಗಿದೊಡನೆ ‘ಆಮೋರಿ’ಯ ಪ್ರಾರ್ಥನೆ, ಬಳಿಕ ಮನೆಮಂದಿಯೆಲ್ಲ ಕುಳಿತು ‘ತೇರ್ಸ್’ ಎಂಬ ಜಪಮಾಲೆ. ಇದನ್ನು ನಡೆಸುವವಳು ಬಹುಮಟ್ಟಿಗೆ ತಾಯಿಯೇ. ಮಕ್ಕಳಿಗೆ ನಂಬಿಕೆಯ ಮೊದಲ ಪಾಠ ಅಲ್ಲಿಯೇ ಆಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಆಕೆಯ ಎರಡು ಲೋಕಗಳನ್ನು, ಅಂದರೆ ಗದ್ದೆಯನ್ನೂ ಇಗರ್ಜಿಯನ್ನೂ ಕೂಡಿಸುವ ಹಬ್ಬ. ಮಾತೆ ಮರಿಯಮ್ಮನವರ ಜನ್ಮದಿನವಾದ ಅಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಲಾಗುತ್ತದೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟದಲ್ಲಿ ಮಾಂಸವಿಲ್ಲ. ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು ಮಾತ್ರ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುವ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ಕಳುಹಿಸುವ ರೂಢಿಯೂ ಬೆಳೆದು ಬಂದಿದೆ.

ಈ ದುಡಿಮೆಗೆ ದಾಖಲೆಯಲ್ಲಿ ಸ್ಥಾನವೆಷ್ಟು ಎಂಬುದೇ ನಾವು ಯೋಚಿಸಬೇಕಾದ ವಿಷಯ. ಕರಾವಳಿಯ ರೈತರಲ್ಲಿ ಬಹಳಷ್ಟು ಮಂದಿ ಹಿಂದೆ ಗೇಣಿದಾರರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಅವರಿಗೆ ಭೂಮಿಯ ಒಡೆತನ ದೊರೆಯಿತು. ಊರಿನವರು ಇಂದಿಗೂ ಅದನ್ನು ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ಆದರೆ ಅರ್ಜಿ ಹಾಕಿದವರು ಸಾಮಾನ್ಯವಾಗಿ ಗಂಡಸರು. ‘ಉಳುವವನೇ ಒಡೆಯ’ ಎಂಬ ಘೋಷಣೆಯಲ್ಲಿಯೇ ನೆಟ್ಟವಳಿಗೂ ಕೊಯ್ದವಳಿಗೂ ಜಾಗವಿರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬ್ಯಾಂಕಿನಲ್ಲಿ ಕೃಷಿ ಸಾಲ ಸಿಗುವುದೂ ಸುಲಭವಲ್ಲ.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಪತಿ ಉಯಿಲು ಬರೆಯದೆ ತೀರಿಕೊಂಡರೆ, ಮಕ್ಕಳಿದ್ದಲ್ಲಿ ಪತ್ನಿಗೆ ಆತನ ಆಸ್ತಿಯ ಮೂರನೆಯ ಒಂದು ಪಾಲು. ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಇದು ನ್ಯಾಯೋಚಿತವೇ. ಆದರೆ ಇನ್ನೊಂದು ಅಂಶ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಪತ್ನಿ ಹಾಗೂ ಮಕ್ಕಳನ್ನು ಹೊಂದಿದ ಮಗ ಉಯಿಲಿಲ್ಲದೆ ತೀರಿಕೊಂಡರೆ ಆತನ ಆಸ್ತಿಯಲ್ಲಿ ತಾಯಿಗೆ ಪಾಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಾದರೋ ತಾಯಿ ಮೊದಲ ವರ್ಗದ ವಾರಸುದಾರಳು. ಹೀಗಿರುವಾಗ ಪತಿಯ ಜಮೀನನ್ನು ಪ್ರೀತಿಯಿಂದಲೇ ಮಗನ ಹೆಸರಿಗೆ ಬರೆದುಕೊಟ್ಟ ತಾಯಿ, ಆ ಮಗನನ್ನು ಕಳೆದುಕೊಂಡರೆ ತಾನೇ ಬೆಳೆಸಿದ ತೋಟದಲ್ಲಿ ಕಾನೂನಿನ ದೃಷ್ಟಿಯಿಂದ ಹಕ್ಕಿಲ್ಲದವಳಾಗುತ್ತಾಳೆ.

ಪರಿಹಾರ ಕಷ್ಟದ್ದಲ್ಲ. ಊರಿಗೆ ಹೋದಾಗ ಪಹಣಿಯನ್ನೊಮ್ಮೆ ತೆಗೆದು ನೋಡಬೇಕು. ಜಮೀನನ್ನು ಮಗನಿಗೆ ಬರೆದುಕೊಡುವುದಾದರೆ, ತಾಯಿ ಬದುಕಿರುವಷ್ಟು ಕಾಲ ಅಲ್ಲಿ ವಾಸಿಸಿ ಫಸಲು ಅನುಭವಿಸುವ ಹಕ್ಕನ್ನು ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿ ನೋಂದಾಯಿಸಬೇಕು. ಹೊರನಾಡಿನಲ್ಲಿರುವ ಮಗನೂ ಉಯಿಲು ಬರೆದಿಡಬೇಕು. ಹೂವಿನ ಹಣ ಆಕೆಯ ಹೆಸರಿನ ಖಾತೆಗೇ ಜಮೆಯಾಗಬೇಕು. ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ನಾಮನಿರ್ದೇಶಿತ ವ್ಯಕ್ತಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವನೇ ಹೊರತು ಅದರ ಒಡೆಯನಲ್ಲ.

ಇಂದು ಆ ಅಂಗಳಗಳ ಅನೇಕ ಮಕ್ಕಳು ಮಹಾನಗರಗಳಲ್ಲಿದ್ದಾರೆ. ಅವರ ಶಾಲೆಯ ಶುಲ್ಕ ಎಷ್ಟೋ ಮನೆಗಳಲ್ಲಿ ಚೆಂಡು ಚೆಂಡಾಗಿ ಕೂಡಿಬಂದದ್ದು. ಲಕೋಟೆಯಲ್ಲಿ ಬಂದ ಹೊಸ ಕಾಳನ್ನು ಭಕ್ತಿಯಿಂದ ಸ್ವೀಕರಿಸುವ ನಾವು, ಅದನ್ನು ಕಳುಹಿಸಿದವಳ ಹೆಸರು ಆ ಮಣ್ಣಿನ ದಾಖಲೆಯಲ್ಲಿ ಇದೆಯೇ ಎಂದು ವಿಚಾರಿಸುವುದು ನ್ಯಾಯ.