ಫೋನಿಗೆ ಸಿಗುವ ವೈಫೈ ಲ್ಯಾಪ್‌ಟಾಪಿಗೆ ಏಕೆ ಸಿಗುವುದಿಲ್ಲ?

ನಾಳೆ ಬೆಳಿಗ್ಗೆಯೊಳಗೆ ಕಾಲೇಜಿಗೆ ವರದಿಯೊಂದನ್ನು ಕಳುಹಿಸಬೇಕಾಗಿದೆ ಎಂದುಕೊಳ್ಳಿ. ಮನೆಯ ರೂಟರಿನ ದೀಪಗಳು ಉರಿಯುತ್ತಿವೆ. ಅಮ್ಮನ ಫೋನಿನಲ್ಲಿ ಹಾಡು ಬರುತ್ತಿದೆ. ಆದರೆ ನೀವು ಲಿನಕ್ಸ್ ಹಾಕಿಕೊಂಡಿರುವ ಲ್ಯಾಪ್‌ಟಾಪಿನಲ್ಲಿ ಮಾತ್ರ ವೈಫೈನ ಸುಳಿವೇ ಇಲ್ಲ. ಲಿನಕ್ಸಿಗೂ ವೈಫೈಗೂ ಆಗಿಬರುವುದಿಲ್ಲವೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನೀವು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲು ಸಿದ್ಧರಾಗುತ್ತೀರಿ. ಸ್ವಲ್ಪ ತಾಳಿ. ಅಮ್ಮನದು ಆಂಡ್ರಾಯ್ಡ್ ಫೋನಾಗಿದ್ದರೆ ಅದರೊಳಗೆ ಕೆಲಸ ಮಾಡುತ್ತಿರುವುದೂ ಲಿನಕ್ಸಿನ ತಿರುಳೇ! ಅಂದಮೇಲೆ ದೋಷ ಬೇರೆಲ್ಲೋ ಇದೆ.

ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಮನೆಯ ಕೊಳವೆಗಳನ್ನೆಲ್ಲ ಕಿತ್ತುಹಾಕುವುದಿಲ್ಲ. ತೊಟ್ಟಿಯಲ್ಲಿ ನೀರಿದೆಯೇ, ವಾಲ್ವು ತೆರೆದಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ವೈಫೈ ಸಂಪರ್ಕವೂ ಹಾಗೆಯೇ ಹಲವು ಹಂತಗಳನ್ನು ದಾಟಿ ಬರುತ್ತದೆ. ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡು, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ, ಪಾಸ್‌ವರ್ಡಿನ ಮೂಲಕ ರೂಟರಿನ ಒಪ್ಪಿಗೆ, ರೂಟರು ಕೊಡುವ ಐಪಿ ವಿಳಾಸ, ಕೊನೆಗೆ ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆ. ಯಾವ ಹಂತದವರೆಗೆ ಎಲ್ಲವೂ ಸರಿಯಾಗಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಕಿರುತೆರೆಯ ಮಾತುಕತೆಯಲ್ಲಿ ಆಜ್ಞೆಗಳನ್ನು ಬರೆದುಕೊಳ್ಳಲು ಸಮಯ ಸಾಲದು. ಆದುದರಿಂದ ಅವನ್ನು ಇಲ್ಲಿ ಕೊಟ್ಟಿದೆ. ಟರ್ಮಿನಲ್ ಕಿಟಕಿಯನ್ನು ತೆರೆದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಿ, ಎಂಟರ್ ಕೀಲಿಯನ್ನು ಒತ್ತಬೇಕು.

ಮೊದಲು ಸುಲಭವಾದುದನ್ನು ನೋಡೋಣ. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆಜ್ಞೆ ಕೊಡಿ. ‘ಸಾಫ್ಟ್ ಬ್ಲಾಕ್ಡ್’ ಎಂಬುದರ ಮುಂದೆ ‘ಯೆಸ್’ ಎಂದಿದ್ದರೆ ಯಾವುದೋ ತಂತ್ರಾಂಶ ವೈಫೈಯನ್ನು ತಡೆದಿದೆ. ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತಡೆ ಹೋಗುತ್ತದೆ. ‘ಹಾರ್ಡ್ ಬ್ಲಾಕ್ಡ್’ ಎಂಬುದರ ಮುಂದೆ ‘ಯೆಸ್’ ಇದ್ದರೆ ಆಜ್ಞೆಗಳಿಂದ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಬದಿಯ ಪುಟ್ಟ ಗುಂಡಿಯನ್ನೋ ವಿಮಾನದ ಚಿತ್ರವಿರುವ ಕೀಲಿಯನ್ನೋ ನಿಮ್ಮ ಬೆರಳೇ ಒತ್ತಬೇಕು.

ತಡೆ ಇಲ್ಲದಿದ್ದರೆ ಕಾರ್ಡನ್ನು ಹುಡುಕೋಣ. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಲ್ಯಾಪ್‌ಟಾಪಿನ ಒಳಗಿನ ಬಿಡಿಭಾಗಗಳ ಪಟ್ಟಿಯನ್ನು ಕೊಡುತ್ತದೆ. (ಹೊರಗಿನಿಂದ ಸಿಕ್ಕಿಸುವ ವೈಫೈ ಕಡ್ಡಿಯಾದರೆ ‘ಎಲ್‌ಎಸ್‌ಯುಎಸ್‌ಬಿ’.) ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲಿದ್ದರೆ ಕಾರ್ಡು ಗಣಕದ ಕಣ್ಣಿಗೆ ಬಿದ್ದಿದೆ ಎಂದರ್ಥ. ಮುಂದೆ ‘ಐಪಿ ಲಿಂಕ್’ ಎಂದು ಕೊಟ್ಟು, ಡಬ್ಲ್ಯೂ ಮತ್ತು ಎಲ್ ಅಕ್ಷರಗಳಿಂದ ಆರಂಭವಾಗುವ ಹೆಸರಿದೆಯೇ ನೋಡಿ. ಕಾರ್ಡು ಇದೆ, ಆದರೆ ಈ ಹೆಸರಿಲ್ಲ ಎಂದಾದರೆ ಕೊರತೆ ಡ್ರೈವರಿನದು ಅಥವಾ ಫರ್ಮ್‌ವೇರಿನದು. ಲಿನಕ್ಸ್ ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಈ ಫರ್ಮ್‌ವೇರ್ ಎಂದರೇನು? ವೈಫೈ ಕಾರ್ಡು ಬರಿಯ ಆಂಟೆನಾ ಅಲ್ಲ. ಅದೇ ಒಂದು ಪುಟ್ಟ ಗಣಕ. ಅದಕ್ಕೂ ತನ್ನದೇ ಆದ ಕಾರ್ಯಕ್ರಮ ಬೇಕು. ಅನೇಕ ಕಾರ್ಡುಗಳು ಇದನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ; ಪ್ರತಿ ಸಲ ಗಣಕ ಶುರುವಾದಾಗ ಲಿನಕ್ಸೇ ಅದನ್ನು ಕಾರ್ಡಿಗೆ ತುಂಬಬೇಕು. ತಯಾರಕರು ಈ ಕಡತಗಳ ಮೂಲ ಬರಹವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಮುಕ್ತ ತಂತ್ರಾಂಶದ ತತ್ವಕ್ಕೆ ಬದ್ಧವಾದ ಡೆಬಿಯನ್ ಬಳಗ ಇದೇ ಕಾರಣಕ್ಕೆ ಬಹುಕಾಲ ಅವನ್ನು ತನ್ನ ಮುಖ್ಯ ಅನುಸ್ಥಾಪನಾ ಡಿಸ್ಕಿನಿಂದ ಹೊರಗಿಟ್ಟಿತ್ತು. ತತ್ವವೇನೋ ದೊಡ್ಡದೇ. ಆದರೆ ವೈಫೈ ಬರಲು ಕಡತ ಬೇಕು, ಕಡತ ತರಲು ವೈಫೈ ಬೇಕು ಎಂಬ ಪೇಚಿಗೆ ಸಿಕ್ಕವರು ಹೊಸಬರು. 2022ರಲ್ಲಿ ಡೆಬಿಯನ್ ಅಭಿವೃದ್ಧಿಕಾರರು ಮತ ಹಾಕಿ ನಿಲುವನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಈ ಕಡತಗಳು ಡಿಸ್ಕಿನಲ್ಲಿಯೇ ಇವೆ. ಬ್ರಾಡ್‌ಕಾಮ್ ಕಂಪನಿಯ ಕಾರ್ಡುಗಳ ಕಥೆಯೂ ಇಂತಹದೇ. ತಯಾರಕರ ನೆರವಿಲ್ಲದೆ ಸ್ವಯಂಸೇವಕರೇ ಡ್ರೈವರು ಬರೆದರು. ಕಂಪನಿ ತಾನಾಗಿ ಕೆಲವು ಕಾರ್ಡುಗಳಿಗೆ ಮುಕ್ತ ಡ್ರೈವರನ್ನು ಕೊಟ್ಟದ್ದು 2010ರಲ್ಲಿ. ಅದರ ಕೆಲವು ಹಳೆಯ ಕಾರ್ಡುಗಳಿಗೆ ಇಂದಿಗೂ ಡ್ರೈವರನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಫರ್ಮ್‌ವೇರಿನದೇ ಕೊರತೆಯೇ ಎಂದು ತಿಳಿಯಲು ‘ಸುಡೊ ಡಿಎಂಇಎಸ್‌ಜಿ’ ಎಂದು ಕೊಡಿ. ಲಿನಕ್ಸಿನ ತಿರುಳು ಬರೆದಿಟ್ಟ ದಿನಚರಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ‘ಫರ್ಮ್‌ವೇರ್’ ಮತ್ತು ‘ಫೇಲ್ಡ್’ ಎಂಬ ಪದಗಳು ಒಂದೇ ಸಾಲಿನಲ್ಲಿದ್ದರೆ ಆ ಸಾಲನ್ನು ಅಕ್ಷರ ತಪ್ಪದಂತೆ ಬರೆದುಕೊಳ್ಳಿ. ಬೇಕಾದ ಕಡತದ ಹೆಸರು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ತರುವುದು ಹೇಗೆ? ಅಮ್ಮನ ಫೋನನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಚಾಲೂ ಮಾಡಿ. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ಭಾವಿಸುತ್ತದೆ. ತುರ್ತಾದ ವರದಿಯನ್ನು ಇದೇ ದಾರಿಯಲ್ಲಿ ಮೊದಲು ಕಳುಹಿಸಿಬಿಡಿ. ಕಡತವನ್ನು ಆಮೇಲೆ ಇಳಿಸಿಕೊಳ್ಳಬಹುದು.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಅದರ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಗಣಕವನ್ನು ಪೂರ್ತಿ ಆರಿಸುವುದಿಲ್ಲ. ಕೆಲವು ಕಾರ್ಡುಗಳು ಅರೆನಿದ್ದೆಯಲ್ಲಿಯೇ ಉಳಿದು ಲಿನಕ್ಸಿನ ಕರೆಗೆ ಓಗೊಡುವುದಿಲ್ಲ. ಆ ಸೌಲಭ್ಯವನ್ನು ತೆಗೆದುಹಾಕಿ ನೋಡಿ.

ಕಾರ್ಡು ಸರಿಯಾಗಿದ್ದು, ನೆರೆಮನೆಯ ವೈಫೈ ಕಂಡು, ನಿಮ್ಮದು ಮಾತ್ರ ಕಾಣದಿದ್ದರೆ ರೂಟರನ್ನು ಗಮನಿಸಿ. ಹಳೆಯ ಕಾರ್ಡುಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಗೊತ್ತು. ರೂಟರು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದರೆ ಹೊಸ ಫೋನಿಗೆ ಅದು ಕಾಣುತ್ತದೆ, ಹಳೆಯ ಲ್ಯಾಪ್‌ಟಾಪಿಗೆ ಇಲ್ಲ.

ಇನ್ನು ಸಂಪರ್ಕವಾಗಿದೆ ಎಂದು ತೋರಿಸಿದರೂ ಪುಟ ತೆರೆಯದ ಸಂದರ್ಭ. ‘ಐಪಿ ಎ’ ಎಂದು ಕೊಟ್ಟು ವಿಳಾಸ ನೋಡಿ. ಮನೆಯ ಜಾಲದಲ್ಲಿ ಅದು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತದೆ. 169.254 ಎಂದಿದ್ದರೆ ರೂಟರಿನಿಂದ ವಿಳಾಸವೇ ಬಂದಿಲ್ಲ. ರೂಟರನ್ನು ಆರಿಸಿ ಹಚ್ಚುವುದು ಇಲ್ಲಿ ನಿಜಕ್ಕೂ ಉಪಯುಕ್ತ. ವಿಳಾಸ ಸರಿಯಿದ್ದರೆ ‘ಪಿಂಗ್’ ಎಂಬ ಆಜ್ಞೆಯ ಮುಂದೆ ಮೊದಲು ರೂಟರಿನ ವಿಳಾಸ, ಆಮೇಲೆ 8.8.8.8, ಕೊನೆಗೆ ಯಾವುದಾದರೂ ಜಾಲತಾಣದ ಹೆಸರು ಕೊಟ್ಟು ನೋಡಿ. ರೂಟರು ಉತ್ತರಿಸಿ 8.8.8.8 ಮೌನವಾಗಿದ್ದರೆ ತೊಂದರೆ ಬಹುಶಃ ಮನೆಯ ಹೊರಗೆ. ಅಮ್ಮನ ಫೋನೂ ಆಗ ಮೊಬೈಲ್ ಡೇಟಾದಲ್ಲಿ ಹಾಡುತ್ತಿರಬಹುದು! ಅಂಕಿಗಳಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಡಿಎನ್‌ಎಸ್‌ನದು. ಸಂಪರ್ಕದ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು ಬದಲಿಸಿ ನೋಡಬೇಕು.

ಮೂರೂ ಕಡೆಯಿಂದ ಉತ್ತರ ಬಂದರೂ ಪುಟಗಳು ಭದ್ರತೆಯ ಎಚ್ಚರಿಕೆ ಕೊಟ್ಟು ನಿಂತರೆ, ಪರದೆಯ ಮೂಲೆಯ ದಿನಾಂಕವನ್ನು ನೋಡಿ. ಹಳೆಯ ಲ್ಯಾಪ್‌ಟಾಪಿನೊಳಗಿನ ಗುಂಡಿಯಂತಹ ಪುಟ್ಟ ಬ್ಯಾಟರಿ ಸತ್ತರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಇಂದಿನ ಜಾಲತಾಣದ ಭದ್ರತಾ ಪತ್ರ ಆ ದಿನಾಂಕಕ್ಕೆ ಇನ್ನೂ ಜಾರಿಗೇ ಬಂದಿರುವುದಿಲ್ಲ. ದಿನಾಂಕವನ್ನು ತಿದ್ದಿದರೆ ಪುಟಗಳು ತೆರೆಯುತ್ತವೆ.